ಪುಟ್ಟಿ ಚೀಲ ಬಿಚ್ಚುವ ಮುಂಚೆ ಗೋಡೆ ಮುಟ್ಟಿ ನೋಡಿ

ಸಾಗರದ ನಮ್ಮ ಹಳೆ ಮನೆಯ ನಡುಕೋಣೆಗೆ ನಾನೇ ಬಣ್ಣ ಹೊಡೆಯುತ್ತೇನೆ ಅಂತ ಒಮ್ಮೆ ಹೊರಟಿದ್ದೆ. ಗೋಡೆ ಎಷ್ಟು ಒರಟು ಅಂದರೆ ಒರಗಿ ಕೂತರೆ ಬೆನ್ನು ತರಚುತ್ತಿತ್ತು. ಬಣ್ಣಕ್ಕೆ ಮುಂಚೆ ಗೋಡೆ ನಯ ಮಾಡಲು ಸವರುತ್ತಾರಲ್ಲ, ಆ ಪುಟ್ಟಿಯ 40 ಕೆ.ಜಿ. ಚೀಲವನ್ನು ಪೇಟೆಗೆ ಹೋಗಿ ತಂದೆ. ಎರಡು ದಿನ ಕಷ್ಟಪಟ್ಟು ಎಳೆದೆ. ನೋಡುವುದಕ್ಕೆ ಚೆನ್ನಾಗಿಯೇ ಇತ್ತು. ಮಳೆಗಾಲ ಬಂತು, ಕಿಟಕಿ ಪಕ್ಕ ಒಂದು ಕಡೆ ಸಣ್ಣಗೆ ಉಬ್ಬಿತು. ಉಗುರು ಹಾಕಿ ಎತ್ತಿದೆ. ಅಂಗೈ ಅಗಲದ ಹಕ್ಕಳೆ ಒಂದು, ದೋಸೆ ಕಾವಲಿ ಬಿಟ್ಟ ಹಾಗೆ ಎದ್ದು ಕೈಗೆ ಬಂತು. ತಿರುಗಿಸಿ ನೋಡಿದರೆ ಹಿಂಬದಿಗೆಲ್ಲ ತಿಳಿ ಹಸಿರು ಪುಡಿ. ಅಪ್ಪ ಯಾವ ಕಾಲದಲ್ಲೋ ಹೊಡೆಸಿದ ಡಿಸ್ಟೆಂಪರ್, ಅಂದರೆ ನೀರಿನಲ್ಲಿ ಕಲಸಿ ಬಳಿಯುವ ಅಗ್ಗದ ಗೋಡೆ ಬಣ್ಣ.

ಪಕ್ಕದ ಮನೆಗೆ ಕೆಲಸಕ್ಕೆ ಬಂದಿದ್ದ ಪೇಂಟಿಂಗ್ ಮೇಸ್ತ್ರಿಯನ್ನು ಕರೆದು ತೋರಿಸಿದೆ. ಅವರು ಹಕ್ಕಳೆಯನ್ನು ಬೆಳಕಿಗೆ ಹಿಡಿದು ನೋಡಿ ಹೇಳಿದರು: "ಅಕ್ಕಾ, ಪುಟ್ಟಿ ಗಟ್ಟಿಯಾಗೇ ಹಿಡ್ಕೊಂಡಿದೆ. ಆದ್ರೆ ಅದು ಹಿಡ್ಕೊಂಡಿದ್ದು ಗೋಡೆನ ಅಲ್ಲ, ಪುಡಿನ."

ಮೊದಲ ಸಲ ಕೈ ಹಾಕುವವರು ಎಡವುವುದು ಹೆಚ್ಚಾಗಿ ಇಲ್ಲೇ. ಗೋಡೆ ಒರಟಾಗಿದೆ, ಹಾಗಾಗಿ ಪುಟ್ಟಿ ಬೇಕು ಅಂತ ನೇರ ಅಂಗಡಿಗೆ ಹೋಗುತ್ತೇವೆ. ಅಂಗಡಿಯವರು ಕೇಳಿದ್ದನ್ನು ಕೊಡುತ್ತಾರೆ. ಗೋಡೆಯ ಮೇಲೆ ಈಗ ಏನಿದೆ ಅಂತ ಯಾರೂ ಕೇಳುವುದಿಲ್ಲ.

ಗೋಡೆ ಮೇಲೆ ಏನಿದೆ?

ಇದನ್ನು ತಿಳಿಯಲು ಬೇಕಾಗಿದ್ದು ಅಂಗೈ, ಒದ್ದೆ ಬಟ್ಟೆ, ಸೆಲ್ಲೋಟೇಪು, ಒಂದು ಬ್ಲೇಡು. ಅಷ್ಟೆ.

ಮೊದಲು ಒಣ ಅಂಗೈಯಿಂದ ಗೋಡೆಯನ್ನು ಜೋರಾಗಿ ಉಜ್ಜಿ. ಕೈಗೆ ಬೆಳ್ಳನೆ ಪುಡಿ ಮೆತ್ತಿಕೊಂಡರೆ ಅದು ಸುಣ್ಣ ಇರಬಹುದು, ಇಲ್ಲವೇ ಸತ್ತುಹೋದ ಡಿಸ್ಟೆಂಪರ್. ಆಮೇಲೆ ಒದ್ದೆ ಬಟ್ಟೆಯಿಂದ ಒಂದೇ ಜಾಗವನ್ನು ಹತ್ತು ಹದಿನೈದು ಸಲ ಉಜ್ಜಿ. ಬಣ್ಣ ಕರಗಿ ಬಟ್ಟೆಗೆ ಬಂದರೆ ಹಳೆ ಕಾಲದ ಪುಡಿ ಡಿಸ್ಟೆಂಪರ್ ಅಂತ ತಿಳಿಯಿರಿ. ಬಟ್ಟೆಗೆ ಏನೂ ಹತ್ತದೆ, ಗೋಡೆ ಸುಮ್ನೆ ಒದ್ದೆಯಾದರೆ ಅಕ್ರಿಲಿಕ್ ಡಿಸ್ಟೆಂಪರ್ ಅಥವಾ ಎಮಲ್ಷನ್ (ಪ್ಲಾಸ್ಟಿಕ್ ಪೇಂಟ್ ಅಂತಾರಲ್ಲ, ಅದು). ನೀರು ಕೆಸುವಿನ ಎಲೆ ಮೇಲಿನ ಹಾಗೆ ಹನಿಹನಿಯಾಗಿ ಜಾರಿದರೆ ಆಯಿಲ್ ಪೇಂಟ್. ಹಳೆ ಅಡುಗೆಮನೆ, ಬಚ್ಚಲುಮನೆ ಗೋಡೆಯ ಕೆಳಭಾಗದಲ್ಲಿ ಇದು ಜಾಸ್ತಿ.

ಇನ್ನು ಟೇಪು. ಗೋಡೆಯ ಮೇಲೆ ಬ್ಲೇಡಿನಿಂದ ಗುಣಾಕಾರದ ಚಿಹ್ನೆ ಗೀರಿ, ಅದರ ಮೇಲೆ ಟೇಪು ಒತ್ತಿ ಅಂಟಿಸಿ, ರಪ್ಪನೆ ಕಿತ್ತು ನೋಡಿ. ಟೇಪಿಗೆ ಬಣ್ಣದ ಚೂರು ಬಂದರೆ ಆ ಪದರ ಉಳಿಯುವುದಿಲ್ಲ. ನಾಲ್ಕು ಗೋಡೆಯಲ್ಲೂ ಮಾಡಿ. ಒಂದೇ ಕೋಣೆಯಲ್ಲಿ ಒಂದು ಗೋಡೆ ಗಟ್ಟಿ, ಇನ್ನೊಂದು ಪುಡಿ ಇರುವುದು ಸಾಮಾನ್ಯ. ನಮ್ಮಲ್ಲಿ ಬಿಸಿಲು ಬೀಳುವ ಗೋಡೆ ಚೆನ್ನಾಗಿಯೇ ಇತ್ತು.

ಹೊಸ ಮನೆಯವರಿಗೆ ಈ ತಲೆನೋವಿಲ್ಲ. ಬರೀ ಸಿಮೆಂಟ್ ಪ್ಲಾಸ್ಟರ್ ಇರುತ್ತದೆ. ಈಗ ಬಹುತೇಕ ಕಡೆ ಎಂ-ಸ್ಯಾಂಡಿನಲ್ಲೇ (ಕಲ್ಲು ಪುಡಿ ಮಾಡಿ ತಯಾರಿಸಿದ ಮರಳು) ಪ್ಲಾಸ್ಟರ್ ಮಾಡುವುದರಿಂದ ಕೈಗೆ ಸ್ವಲ್ಪ ಚುಚ್ಚುತ್ತದೆ, ಅದಕ್ಕೆ ಹೆದರಬೇಕಾಗಿಲ್ಲ. ಅವಸರ ಮಾತ್ರ ಬೇಡ. ಪ್ಲಾಸ್ಟರಿಗೆ ನೀರು ಹಾಕಿ ಕ್ಯೂರಿಂಗ್ ಮುಗಿಸಿ, ಒಟ್ಟು 28 ದಿನವಾದರೂ ಬಿಟ್ಟು ಬಣ್ಣದ ಮಾತೆತ್ತಿ. ಹಸಿ ಸಿಮೆಂಟಿನ ಕ್ಷಾರ ಬಣ್ಣವನ್ನು ತಿನ್ನುತ್ತದೆ. ಗೃಹಪ್ರವೇಶದ ಮುಹೂರ್ತ ಇಟ್ಟಾಯ್ತು ಅಂತ ಹದಿನೈದನೇ ದಿನಕ್ಕೇ ಬಣ್ಣ ಹೊಡೆಸಿದ ಗೋಡೆಗಳಲ್ಲಿ ಮಸುಕು ಮಸುಕು ಕಲೆ ನೀವೂ ನೋಡಿರುತ್ತೀರಿ.

ಮಲೆನಾಡು, ಕರಾವಳಿಯ ಹಳೆ ಮನೆಗಳಲ್ಲಿ ಒಳಗೆ ಮಣ್ಣಿನ ಗೋಡೆಯೋ ಜಂಬಿಟ್ಟಿಗೆಯೋ ಇದ್ದು, ಮೇಲೆ ಮಣ್ಣು ಅಥವಾ ಸುಣ್ಣದ ಗಾರೆ ಇದ್ದರೆ ಈ ಲೇಖನದ ಪುಟ್ಟಿ ಭಾಗವನ್ನು ಬಿಟ್ಟುಬಿಡಿ. ಅಂಥ ಗೋಡೆ ತೇವ ಎಳೆದುಕೊಳ್ಳುತ್ತದೆ, ಮತ್ತೆ ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಪುಟ್ಟಿ ಬಿಗಿದರೆ ತೇವ ಒಳಗೇ ಉಳಿದು, ಕೊನೆಗೆ ಗಾರೆ ಸಮೇತ ಕೀಳುತ್ತದೆ. ಸುಣ್ಣದ ಗಾರೆಯಲ್ಲೇ ತೇಪೆ ಹಾಕಿ ಸುಣ್ಣವನ್ನೇ ಬಳಿಯಿರಿ. ಒರಟು ಸ್ವಲ್ಪ ಕಾಣುತ್ತದೆ, ಕಾಣಲಿ.

ತೇವ ಇದ್ದರೆ ಅಲ್ಲಿಗೇ ನಿಲ್ಲಿಸಿ

ಗೋಡೆಯ ಬುಡದಲ್ಲಿ ಬಣ್ಣ ಉಬ್ಬಿದೆಯಾ? ಬಿಳಿ ಹತ್ತಿಯಂಥ ಉಪ್ಪು ಹೊರಗೆ ಬಂದಿದೆಯಾ? ಹಾಗಿದ್ದರೆ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಅಲ್ಲಿಟ್ಟು, ನಾಲ್ಕೂ ಅಂಚಿಗೆ ಗಾಳಿ ಹೋಗದ ಹಾಗೆ ಟೇಪು ಹಚ್ಚಿ. ಒಂದು ದಿನ ಬಿಟ್ಟು ಬಿಚ್ಚಿ. ಹಾಳೆಯ ಒಳಮೈಯಲ್ಲಿ ನೀರಿನ ಹನಿ ಕೂತಿದ್ದರೆ ತೇವ ಗೋಡೆಯೊಳಗಿಂದ ಬರುತ್ತಿದೆ. ಹೊರಮೈ ಮಾತ್ರ ಒದ್ದೆಯಾಗಿದ್ದರೆ ಅದು ಕೋಣೆಯ ಗಾಳಿಯ ತೇವ, ಕಿಟಕಿ ತೆರೆದಿಟ್ಟರೆ ಅರ್ಧ ಕಡಿಮೆಯಾಗುತ್ತದೆ.

ಒಳಗಿನ ತೇವಕ್ಕೆ ಪುಟ್ಟಿ ಮದ್ದಲ್ಲ. ಆ ಗೋಡೆಯ ಆಚೆ ಬಚ್ಚಲು ಇದೆಯಾ, ಪೈಪು ಸೋರುತ್ತಿದೆಯಾ, ಹೊರಗಿನ ಗೋಡೆಯಲ್ಲಿ ಬಿರುಕಿದೆಯಾ, ಸೂರಿನ ನೀರು ಬುಡಕ್ಕೇ ಬೀಳುತ್ತಿದೆಯಾ ನೋಡಿ. ಅದನ್ನು ಸರಿ ಮಾಡಿಸಿ, ಗೋಡೆ ಒಣಗಲು ಬಿಡಿ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸದ ಹೆಸರೇ ಎತ್ತುವ ಹಾಗಿಲ್ಲ. ಯುಗಾದಿಗೆ ಮುಂಚೆ ಸುಣ್ಣ ಬಳಿಯುತ್ತಿದ್ದ ನಮ್ಮ ಹಿರಿಯರ ಲೆಕ್ಕ ಸರಿಯಾಗಿಯೇ ಇತ್ತು. ಫೆಬ್ರವರಿ, ಮಾರ್ಚ್ ಹೊತ್ತಿಗೆ ಗೋಡೆ ಚೆನ್ನಾಗಿ ಒಣಗಿರುತ್ತದೆ.

ಹೊರಬಂದ ಉಪ್ಪನ್ನು ಒಣ ಬ್ರಷ್‌ನಿಂದಲೇ ಉದುರಿಸಿ. ನೀರು ಹಾಕಿ ತೊಳೆದರೆ ಅದು ಕರಗಿ ಮತ್ತೆ ಗೋಡೆಯೊಳಗೇ ಹೋಗುತ್ತದೆ. ಕಪ್ಪು ಬೂಷ್ಟು ಇದ್ದರೆ ಬ್ಲೀಚಿಂಗ್ ಪುಡಿಯ ನೀರು ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಉಜ್ಜಿ ತೊಳೆಯಿರಿ. ಕಿಟಕಿ ತೆರೆದಿರಲಿ. ಬ್ಲೀಚಿಂಗ್ ಜೊತೆ ಬಚ್ಚಲು ತೊಳೆಯುವ ಆಸಿಡ್ ಸೇರಿಸಲೇಬೇಡಿ, ವಿಷದ ಗಾಳಿ ಏಳುತ್ತದೆ.

ಕೆರೆಯುವ ದಿನ

ಇದು ಬೇಜಾರಿನ ದಿನ. ಕೋಣೆ ಖಾಲಿ ಮಾಡಿ. ಹೊರಗೆ ಸಾಗಿಸಲಾಗದ ಬೀರು, ಮಂಚ ನಡುವಿಗೆ ಎಳೆದು ಹಳೆ ಬೆಡ್‌ಶೀಟು, ಅದರ ಮೇಲೆ ಪ್ಲಾಸ್ಟಿಕ್ ಹೊದಿಸಿ. ನೆಲಕ್ಕೂ ಹಾಸಿ. ರೆಡ್ ಆಕ್ಸೈಡ್ ನೆಲ ಇದ್ದವರಿಗಂತೂ ಎರಡು ಸಲ ಹೇಳುತ್ತೇನೆ, ಹಾಸಿ. ಪುಟ್ಟಿ ಬಿದ್ದು ಒಣಗಿದರೆ ಆ ಬಿಳಿ ಚುಕ್ಕೆ ಸುಲಭಕ್ಕೆ ಹೋಗುವುದಿಲ್ಲ.

ಆ ಕೋಣೆಯ ಕರೆಂಟ್ ಎಂಸಿಬಿಯಲ್ಲೇ, ಅಂದರೆ ಮೇನ್ ಬೋರ್ಡಿನ ಸ್ವಿಚ್ಚಿನಲ್ಲೇ ಆಫ್ ಮಾಡಿ. ಸ್ವಿಚ್ ಬೋರ್ಡಿಗೆ ಪ್ಲಾಸ್ಟಿಕ್ ಸುತ್ತಿ ಟೇಪು ಹಾಕಿ. ಮುಂದೆ ಒದ್ದೆ ಬಟ್ಟೆ, ಒದ್ದೆ ಗೋಡೆಯ ಕೆಲಸವೇ ಇರುವುದರಿಂದ ಇದರಲ್ಲಿ ಸೋಮಾರಿತನ ಬೇಡ.

ಇನ್ನು ಮೊಳೆಗಳು. ನಮ್ಮ ಒಂದು ಗೋಡೆಯಲ್ಲೇ ಹನ್ನೊಂದು ಸಿಕ್ಕವು. ಕ್ಯಾಲೆಂಡರ್ ವರ್ಷಕ್ಕೊಂದು ಸಲ ಎರಡು ಇಂಚು ಆಚೀಚೆ ಸರಿದಿತ್ತು ಅಂತ ಕಾಣುತ್ತದೆ. ಎಲ್ಲಾ ಕಿತ್ತು, ಪ್ಲಾಸ್ಟಿಕ್ ಪ್ಲಗ್ ಇದ್ದರೆ ಅದನ್ನೂ ಇಕ್ಕಳದಿಂದ ಎಳೆದುಹಾಕಿ. ಹೊರಗೆ ಚಾಚಿಕೊಂಡ ಪ್ಲಗ್ ಮೇಲೆ ಪುಟ್ಟಿ ಸವರಿದರೆ ಅಲ್ಲೊಂದು ಗುಳ್ಳೆ ಖಾಯಂ.

ಈಗ ಸ್ಕ್ರೇಪರ್. ಗೋಡೆಗೆ ಓರೆಯಾಗಿ ಹಿಡಿದು ತಳ್ಳುತ್ತಾ ಹೋಗಿ. ಸುಣ್ಣ ಇದ್ದರೆ ಪೂರ್ತಿ ತೆಗೆಯಬೇಕು, ಇದರಲ್ಲಿ ರಾಜಿ ಇಲ್ಲ. ಮೇಲೆ ನೀರು ಚಿಮುಕಿಸಿ ಐದು ನಿಮಿಷ ಬಿಟ್ಟರೆ ಮೆತ್ತಗಾಗಿ ಬರುತ್ತದೆ, ಧೂಳೂ ಏಳುವುದಿಲ್ಲ. ಉಳಿದಿದ್ದಕ್ಕೆ ತಂತಿ ಬ್ರಷ್. ಪುಡಿ ಡಿಸ್ಟೆಂಪರನ್ನು ಕೆರೆಯುವುದಕ್ಕಿಂತ ಒದ್ದೆ ಸ್ಪಂಜಿನಲ್ಲಿ ತೊಳೆಯುವುದು ಸುಲಭ. ಬಕೆಟ್ ನೀರು ಬಣ್ಣವಾಗುತ್ತಿದ್ದ ಹಾಗೆ ಬದಲಿಸುತ್ತಿರಿ. ಗಟ್ಟಿಯಾಗಿ ಕೂತ ಎಮಲ್ಷನ್ ಇದ್ದರೆ ಕೀಳುವ ಅಗತ್ಯವಿಲ್ಲ, ಎದ್ದ ಭಾಗ ಮಾತ್ರ ತೆಗೆದು ಉಳಿದದ್ದನ್ನು 120 ನಂಬರಿನ ಉಪ್ಪುಕಾಗದದಲ್ಲಿ (ನಂಬರ್ ಕಡಿಮೆಯಾದಷ್ಟೂ ಕಾಗದ ಒರಟು) ಹೊಳಪು ಹೋಗುವಷ್ಟು ಉಜ್ಜಿ. ಆಯಿಲ್ ಪೇಂಟಿಗೆ 80ರಿಂದ ಶುರು ಮಾಡಿ. ಹೊಳೆಯುವ ಮೈಗೆ ಮೇಲಿನ ಯಾವುದೂ ಅಂಟುವುದಿಲ್ಲ.

ಹಳೆ ಆಯಿಲ್ ಪೇಂಟ್ ವಿಷಯದಲ್ಲಿ ಒಂದು ಎಚ್ಚರಿಕೆ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದು ಅನ್ನುವ ನಿಯಮ ನಮ್ಮಲ್ಲಿ ಬಂದಿದ್ದು 2016ರಲ್ಲಿ, ಜಾರಿಯಾಗಿದ್ದು 2017ರ ನವೆಂಬರ್ 1ರಿಂದ. ಅದಕ್ಕೂ ಹಿಂದಿನ ಬಣ್ಣದಲ್ಲಿ ಸೀಸ ಇರಬಹುದು ಅಂತಲೇ ತಿಳಿದು ಕೆಲಸ ಮಾಡಿ. ಒಣಗಿದ್ದನ್ನು ಉಜ್ಜಬೇಡಿ. ವಾಟರ್ ಪೇಪರ್, ಅಂದರೆ ನೀರಿಗೆ ಹಾಳಾಗದ ಉಪ್ಪುಕಾಗದ ತಂದು ಒದ್ದೆ ಮಾಡಿಕೊಂಡು ಉಜ್ಜಿ. ಮಕ್ಕಳು, ಬಸುರಿ ಹೆಂಗಸರು ಮನೆಯ ಆ ಭಾಗಕ್ಕೇ ಬರುವುದು ಬೇಡ. ಕೆರೆದ ಚೂರನ್ನು ತೋಟಕ್ಕೆ ಸುರಿಯದೆ ಕವರಿಗೆ ಕಟ್ಟಿ. ಬಣ್ಣ ಯಾವುದೇ ಇರಲಿ, ಎನ್-95 ಮಾಸ್ಕ್, ಕನ್ನಡಕ ಬೇಕೇ ಬೇಕು. ಮೂಗಿಗೆ ಟವೆಲ್ ಕಟ್ಟಿಕೊಂಡರೆ ಸಣ್ಣ ಧೂಳು ನಿಲ್ಲುವುದಿಲ್ಲ.

ಹೊಸ ಪ್ಲಾಸ್ಟರಿನಲ್ಲಿ ಎದ್ದು ನಿಂತ ಮರಳಿನ ಕಾಳುಗಳಿಗೆ ಉಪ್ಪುಕಾಗದ ಹಾಕಿದರೆ ದುಡ್ಡು ದಂಡ. ಹಾರ್ಡ್‌ವೇರ್ ಅಂಗಡಿಯಲ್ಲಿ ಉಜ್ಜುವ ಕಲ್ಲು, ಅಂದರೆ ಕಾರ್ಬೊರಂಡಮ್ ಕಲ್ಲು ಸಿಗುತ್ತದೆ. ಅದರಲ್ಲಿ ಸುತ್ತು ಸುತ್ತಾಗಿ ಉಜ್ಜಿದರೆ ಕಾಳೆಲ್ಲ ಉದುರುತ್ತವೆ.

ಅಡುಗೆಮನೆ ಜಿಡ್ಡು, ದೇವರ ಕೋಣೆಯ ದೀಪದ ಮಸಿ, ಮಂಚದ ಹಿಂದೆ ತಲೆ ಒರಗಿಸಿದ ಎಣ್ಣೆ ಕಲೆ ಇದ್ದರೆ ವಾಷಿಂಗ್ ಸೋಡಾ ಕಲಸಿದ ಬಿಸಿನೀರಿನಲ್ಲಿ ತೊಳೆದು, ಮತ್ತೆ ಬರೀ ನೀರಿನಲ್ಲಿ ಒರೆಸಿ. ಹೋಗದೆ ಉಳಿದ ಕಲೆಗೆ ಟರ್ಪೆಂಟೈನ್ ಬೆರೆಸುವ ಬಗೆಯ ಪ್ರೈಮರ್ (ಬಣ್ಣದ ಅಡಿಗೆ ಹಚ್ಚುವ ಪದರ) ಅಷ್ಟು ಜಾಗಕ್ಕೆ ಮಾತ್ರ ಹಚ್ಚಿ. ನೀರಿನ ಪ್ರೈಮರ್ ಮೇಲೆ ಎಣ್ಣೆ ಕಲೆ ಮತ್ತೆ ಮೂಡಿ ಬರುತ್ತದೆ.

ಬಿರುಕು, ತೂತು, ಪೊಳ್ಳು

ಬೆರಳ ಗೆಣ್ಣಿನಿಂದ ಗೋಡೆಯನ್ನು ತಟ್ಟುತ್ತಾ ಹೋಗಿ, ತೆಂಗಿನಕಾಯಿ ತಟ್ಟಿ ನೋಡುವ ಹಾಗೆ. ಟಕ್ ಟಕ್ ಅಂದರೆ ಗಟ್ಟಿ. ಡಬ್ ಅಂದರೆ ಪ್ಲಾಸ್ಟರ್ ಇಟ್ಟಿಗೆ ಬಿಟ್ಟಿದೆ, ಒಳಗೆ ಪೊಳ್ಳು. ಪೊಳ್ಳಾದ ಭಾಗವನ್ನು ಸುತ್ತಿಗೆ ಉಳಿಯಿಂದ ತೆಗೆದು ಸಿಮೆಂಟ್ ಮರಳು ಹಾಕಿಸಲೇಬೇಕು. ತಟ್ಟೆಯಗಲಕ್ಕಿಂತ ದೊಡ್ಡದಿದ್ದರೆ ಗಾರೆಯವರನ್ನೇ ಕರೆಯಿರಿ, ಹೊಸಬರು ಮಟ್ಟ ತರುವುದು ಕಷ್ಟ.

ಕೂದಲೆಳೆ ಬಿರುಕು ಪುಟ್ಟಿಯಲ್ಲೇ ಮುಚ್ಚಿಹೋಗುತ್ತದೆ. ಅದಕ್ಕಿಂತ ದಪ್ಪದ್ದನ್ನು ಮುಚ್ಚುವ ಮುಂಚೆ ಇನ್ನೂ ಅಗಲ ಮಾಡಬೇಕು. ಕೇಳಲು ವಿಚಿತ್ರ, ಅಲ್ವಾ? ಸ್ಕ್ರೇಪರಿನ ಮೂಲೆಯಿಂದ ಬಿರುಕಿನುದ್ದಕ್ಕೂ ನೇಗಿಲ ಸಾಲಿನ ಹಾಗೆ ಬಾಯಿ ಬಿಡಿಸಿ. ಧೂಳು ಊದಿ ತೆಗೆಯಿರಿ. ಆಮೇಲೆ ಕ್ರ್ಯಾಕ್ ಫಿಲ್ಲರ್ ಒತ್ತಿ ತುಂಬಿ. ಬಾಯಿ ಬಿಡಿಸದಿದ್ದರೆ ಫಿಲ್ಲರ್ ಬಿರುಕಿನ ಮೇಲೆ ಕೂರುತ್ತದೆಯೇ ಹೊರತು ಒಳಗೆ ಇಳಿಯುವುದಿಲ್ಲ. ಆಳದ್ದನ್ನು ಒಂದೇ ಸಲ ತುಂಬಬೇಡಿ, ಒಣಗುವಾಗ ಕುಗ್ಗಿ ನಡುವೆ ತಗ್ಗಾಗುತ್ತದೆ.

ಪಿಲ್ಲರ್, ಬೀಮು ಇಟ್ಟಿಗೆ ಗೋಡೆಗೆ ಸೇರುವ ಜಾಗದಲ್ಲಿ ನೇರ ಗೆರೆಯ ಬಿರುಕು ಇದ್ದರೆ ಫಿಲ್ಲರ್ ಮೇಲೆ ಫೈಬರ್ ಮೆಶ್ ಟೇಪು ಅಂಟಿಸಿ. ಕಾಂಕ್ರೀಟು, ಇಟ್ಟಿಗೆ ಎರಡೂ ಬಿಸಿಲಿಗೆ ಒಂದೇ ಸಮ ಹಿಗ್ಗುವುದಿಲ್ಲ, ಹಾಗಾಗಿ ಬರೀ ಫಿಲ್ಲರ್ ಆದರೆ ವರ್ಷದೊಳಗೆ ಮತ್ತೆ ಬಿಡುತ್ತದೆ. ಬಾಗಿಲ ಮೂಲೆಯಿಂದ ಓರೆಯಾಗಿ ಹೊರಟು, ನೋಡನೋಡುತ್ತಾ ಅಗಲವಾಗುತ್ತಿರುವ ಬಿರುಕು ಬಣ್ಣದವರ ಕೆಲಸ ಅಲ್ಲ. ಇಂಜಿನಿಯರಿಗೆ ತೋರಿಸಿ.

ಯಾವ ಪುಟ್ಟಿ?

ಅಂಗಡಿಯಲ್ಲಿ ಎರಡು ಬಗೆ ಇವೆ. ಚೀಲದಲ್ಲಿ ಪುಡಿಯಾಗಿ ಬರುವುದು ವೈಟ್ ಸಿಮೆಂಟ್ ಪುಟ್ಟಿ. ಡಬ್ಬದಲ್ಲಿ ಗಟ್ಟಿ ಮೊಸರಿನ ಹಾಗೆ ಬರುವುದು ಅಕ್ರಿಲಿಕ್ ಪುಟ್ಟಿ. ಬೆಲೆ ನೋಡಿ ಆರಿಸಬೇಡಿ, ಗೋಡೆ ನೋಡಿ ಆರಿಸಿ.

ಬರೀ ಸಿಮೆಂಟ್ ಪ್ಲಾಸ್ಟರ್ ಕಾಣುತ್ತಿದ್ದರೆ ಸಿಮೆಂಟ್ ಪುಟ್ಟಿ. ಇದಕ್ಕೆ ಮೊದಲು ಪ್ರೈಮರ್ ಬೇಡ. ಗೋಡೆಯನ್ನು ಒದ್ದೆ ಮಾಡಿ ನೇರ ಎಳೆಯಬೇಕು. ಹಳೆ ಬಣ್ಣ ಗಟ್ಟಿಯಾಗಿ ಉಳಿದಿದ್ದರೆ ಅಕ್ರಿಲಿಕ್. ಮೊದಲು ಪ್ರೈಮರ್ ಒಂದು ಕೋಟ್, ಆಮೇಲೆ ಪುಟ್ಟಿ. ಗೋಡೆ ಒದ್ದೆ ಮಾಡುವ ಹಾಗಿಲ್ಲ. ನಾನು ಮಾಡಿದ್ದು ಇದರ ಉಲ್ಟಾ: ಪುಡಿ ಡಿಸ್ಟೆಂಪರ್ ಮೇಲೆ ಸಿಮೆಂಟ್ ಪುಟ್ಟಿ.

ಲೆಕ್ಕ ಹೀಗೆ. 10 ಅಡಿಗೆ 10 ಅಡಿಯ ಕೋಣೆ, ಎತ್ತರ 10 ಅಡಿ ಅಂದರೆ ನಾಲ್ಕು ಗೋಡೆ ಸೇರಿ 400 ಚದರಡಿ. ಒಂದು ಬಾಗಿಲು, ಒಂದು ಕಿಟಕಿ ಕಳೆದರೆ ಸುಮಾರು 360. ಒರಟು ಗೋಡೆಗೆ ಎರಡು ಕೋಟ್ ಎಳೆದರೆ ಕೆ.ಜಿ. ಸಿಮೆಂಟ್ ಪುಟ್ಟಿಗೆ 10ರಿಂದ 15 ಚದರಡಿ ಬರುತ್ತದೆ. ಅಲ್ಲಿಗೆ 40 ಕೆ.ಜಿ.ಯ ಒಂದು ಚೀಲ ಸಾಕು. ಚೀಲದ ಮೇಲೆ ಇದಕ್ಕಿಂತ ಜಾಸ್ತಿ ಬರೆದಿರುತ್ತಾರೆ, ಅದು ನಯವಾದ ಗೋಡೆಯ ಲೆಕ್ಕ.

ಕಲಸುವುದು, ಎಳೆಯುವುದು

ಮೊದಲ ಸಲ 2 ಕೆ.ಜಿ.ಗಿಂತ ಜಾಸ್ತಿ ಕಲಸಬೇಡಿ. ಬಕೆಟ್ಟಿಗೆ ಮೊದಲು ನೀರು, ಮುಕ್ಕಾಲು ಲೀಟರಿನಷ್ಟು. ಅದಕ್ಕೆ ಪುಡಿಯನ್ನು ಸ್ವಲ್ಪ ಸ್ವಲ್ಪವೇ ಸುರಿದು ತಿರುವಿ. ರಾಗಿ ಮುದ್ದೆಗೆ ಗಂಟು ಕಟ್ಟಿದರೆ ಏನಾಗುತ್ತದೋ ಇಲ್ಲೂ ಅದೇ. ಹತ್ತು ನಿಮಿಷ ಬಿಟ್ಟು ಮತ್ತೆ ತಿರುವಿ. ಇಡ್ಲಿ ಹಿಟ್ಟಿಗಿಂತ ಗಟ್ಟಿ, ಬ್ಲೇಡಿನ ಮೇಲೆ ಜಾರದೆ ನಿಲ್ಲಬೇಕು. ಎರಡು, ಎರಡೂವರೆ ಗಂಟೆಯೊಳಗೆ ಮುಗಿಸಿ. ಗಟ್ಟಿಯಾಗತೊಡಗಿದ ಪುಟ್ಟಿಗೆ ನೀರು ಬೆರೆಸಿ ಮತ್ತೆ ಮೆತ್ತಗೆ ಮಾಡಿದರೆ ಬಲ ಹೋಗುತ್ತದೆ, ಎಸೆಯುವುದೇ ವಾಸಿ.

ಬಕೆಟ್ ತೊಳೆದ ನೀರನ್ನು ಬಚ್ಚಲಿಗೆ ಮಾತ್ರ ಸುರಿಯಬೇಡಿ. ನಾನು ಸುರಿದೆ. ಪೈಪಿನೊಳಗೆ ಅದು ಕಲ್ಲಾಯಿತು. ಪ್ಲಂಬರಿಗೆ ಕೊಟ್ಟ ದುಡ್ಡಿನಲ್ಲಿ ಇನ್ನೊಂದು ಚೀಲ ಬರುತ್ತಿತ್ತು.

ಗೋಡೆಗೆ ನೀರು ಚಿಮುಕಿಸಿ. ಒದ್ದೆ ಇರಬೇಕು, ನೀರು ಇಳಿಯುತ್ತಿರಬಾರದು. ಎಂಟು ಹತ್ತು ಇಂಚಿನ ಪುಟ್ಟಿ ಬ್ಲೇಡಿನ ಅಂಚಿಗೆ ಅಂಗೈಯಷ್ಟು ಪುಟ್ಟಿ ತೆಗೆದುಕೊಂಡು ಕೆಳಗಿನಿಂದ ಮೇಲಕ್ಕೆ ಎಳೆಯಿರಿ. ಬ್ಲೇಡನ್ನು ಗೋಡೆಗೆ ಪೂರ್ತಿ ಮಲಗಿಸಿದರೆ ಪುಟ್ಟಿ ದಪ್ಪಗೆ ಕೂರುತ್ತದೆ. ಎತ್ತಿ ನಿಲ್ಲಿಸಿದರೆ ಎಲ್ಲಾ ಕೆರೆದುಕೊಂಡು ಬರುತ್ತದೆ. ಇವೆರಡರ ನಡುವಿನ ಓರೆ ಕೈಗೆ ಸಿಗಲು ಅರ್ಧ ಗೋಡೆ ಬೇಕು. ಹಾಗಾಗಿ ಬೀರು ಮುಚ್ಚುವ ಗೋಡೆಯಿಂದಲೇ ಶುರು ಮಾಡಿ.

ಮೊದಲ ಕೋಟಿನಲ್ಲಿ ಗೋಡೆ ಕೆಟ್ಟದಾಗಿಯೇ ಕಾಣುತ್ತದೆ. ಅಲ್ಲಲ್ಲಿ ಸಿಮೆಂಟು ಇಣುಕುತ್ತದೆ, ಬ್ಲೇಡಿನ ಗೆರೆ ಇರುತ್ತವೆ. ಅದನ್ನೇ ತಿದ್ದಲು ಹೋಗಬೇಡಿ. ಅರ್ಧ ಒಣಗಿದ ಪುಟ್ಟಿಯ ಮೇಲೆ ಬ್ಲೇಡ್ ಆಡಿಸಿದಷ್ಟೂ ಕಿತ್ತುಕೊಂಡು ಬರುತ್ತದೆ. ರಾತ್ರಿ ಒಣಗಲು ಬಿಡಿ. ಮಾರನೇ ದಿನ ಗೆರೆಗಳನ್ನು ಬ್ಲೇಡಿನಿಂದ ಹಗುರಾಗಿ ತಳ್ಳಿ, ಧೂಳು ಒರೆಸಿ, ಎರಡನೇ ಕೋಟ್ ಇನ್ನೂ ತೆಳ್ಳಗೆ ಎಳೆಯಿರಿ. ಎರಡೂ ಸೇರಿ ಒಂದೂವರೆ ಮಿಲಿಮೀಟರ್ ದಾಟಬಾರದು. ಅದಕ್ಕಿಂತ ಆಳದ ತಗ್ಗಿದ್ದರೆ ಅದು ಪ್ಲಾಸ್ಟರಿನ ಕೆಲಸ, ಪುಟ್ಟಿಯದ್ದಲ್ಲ.

ಅಕ್ರಿಲಿಕ್ ಆದರೂ ಕೈ ಚಳಕ ಇದೇ. ಒಣಗುವಾಗ ಕುಗ್ಗುವುದರಿಂದ ಇನ್ನೂ ತೆಳ್ಳಗಿರಲಿ.

ಟಾರ್ಚು ಹಿಡಿದು ಉಜ್ಜುವುದು

ಎರಡನೇ ಕೋಟ್ ಒಣಗಿದ ಮಾರನೇ ದಿನವೇ ಉಜ್ಜಿ. ಸಿಮೆಂಟ್ ಪುಟ್ಟಿ ದಿನ ಕಳೆದಷ್ಟೂ ಗಟ್ಟಿಯಾಗುತ್ತದೆ, ವಾರ ಬಿಟ್ಟರೆ ಭುಜ ಬೀಳುತ್ತದೆ. 180ರ ಕಾಗದವನ್ನು ಮರದ ತುಂಡಿಗೆ ಸುತ್ತಿಕೊಂಡು ಶುರು ಮಾಡಿ, 320ರಲ್ಲಿ ಮುಗಿಸಿ. ಬರೀ ಬೆರಳಲ್ಲಿ ಉಜ್ಜಿದರೆ ಬೆರಳಗಲದ ತಗ್ಗುಗಳಾಗುತ್ತವೆ.

ಹಗಲು ಎಲ್ಲಾ ಸಮವಾಗಿಯೇ ಕಾಣುತ್ತದೆ. ಕತ್ತಲಾದ ಮೇಲೆ ಬನ್ನಿ. ಕರೆಂಟ್ ಹೇಗೂ ಆಫ್ ಆಗಿದೆ. ಟಾರ್ಚನ್ನು ಗೋಡೆಗೆ ಒತ್ತಿ ಹಿಡಿದು ಬೆಳಕು ಗೋಡೆಯುದ್ದಕ್ಕೂ ಹರಿಯುವ ಹಾಗೆ ಬಿಡಿ. ಹಗಲಲ್ಲಿ ಕಾಣದ ಉಬ್ಬು ತಗ್ಗುಗಳಿಗೆಲ್ಲ ನೆರಳು ಹುಟ್ಟುತ್ತದೆ. ನಾನು ಮೊದಲ ಸಲ ಹಾಗೆ ನೋಡಿದಾಗ ನನ್ನ ಗೋಡೆ ಉತ್ತ ಗದ್ದೆ ಹಾಗಿತ್ತು. ಪೆನ್ಸಿಲಿನಿಂದ ಒಂದೊಂದಕ್ಕೂ ಸುತ್ತು ಹಾಕಿ. ಇಂಕ್ ಪೆನ್ನು, ಮಾರ್ಕರ್ ಬೇಡ, ಅವು ಬಣ್ಣದ ಮೇಲೆ ಮೂಡಿ ಬರುತ್ತವೆ.

ಎಲ್ಲವನ್ನೂ ಕನ್ನಡಿ ಮಾಡಲು ಹೊರಡಬೇಡಿ. ಹೊಳಪಿಲ್ಲದ ಬಣ್ಣ ಹೊಡೆಯುವುದಾದರೆ ಸಣ್ಣಪುಟ್ಟದ್ದು ಕಾಣುವುದಿಲ್ಲ. ಹೊಳೆಯುವ ಬಣ್ಣಕ್ಕೆ ಮನಸ್ಸಾಗಿದ್ದರೆ ಮಾತ್ರ ಒಂದೊಂದು ಸುತ್ತಿಗೂ ಕೈ ಹಾಕಬೇಕಾಗುತ್ತದೆ. ಮೊದಲ ಗೋಡೆಗೆ ಹೊಳಪಿಲ್ಲದ್ದೇ ಇರಲಿ ಅನ್ನುವುದು ನನ್ನ ಸಲಹೆ. ಕಿಟಕಿಯ ಬೆಳಕು ಅಡ್ಡ ಬೀಳುವ ಗೋಡೆಗೆ ಮಾತ್ರ ಸ್ವಲ್ಪ ಜಾಸ್ತಿ ಹೊತ್ತು ಕೊಡಿ.

ಪ್ರೈಮರ್

ಮೊದಲು ಧೂಳು. ಮೆತ್ತನೆ ಪೊರಕೆಯಲ್ಲಿ ಮೇಲಿನಿಂದ ಕೆಳಕ್ಕೆ ಗುಡಿಸಿ, ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿ. ಅಂಗೈ ಉಜ್ಜಿ ನೋಡಿ, ಮೊದಲ ದಿನ ಮಾಡಿದ ಹಾಗೆಯೇ. ಕೈಗೆ ಬಿಳಿ ಹತ್ತಿದರೆ ಇನ್ನೊಂದು ಸಲ ಒರೆಸಿ.

ಒಳಗೋಡೆಗೆ ನೀರು ಬೆರೆಸುವ ಪ್ರೈಮರ್ ಸಾಕು. ಎಷ್ಟು ನೀರು ಅಂತ ಡಬ್ಬದ ಮೇಲೆ ಇರುತ್ತದೆ, ಅಷ್ಟೇ ಹಾಕಿ. ಮೇಲೆ ಲೆಕ್ಕ ಹಾಕಿದಂಥ ಕೋಣೆಗೆ ಒಂದು ಕೋಟ್ ಹೊಡೆಯಲು 4 ಲೀಟರ್ ಡಬ್ಬ ಸಾಲುತ್ತದೆ. ಮೂಲೆ, ಬಾಗಿಲ ಅಂಚು, ಬೋರ್ಡ್ ಸುತ್ತ ಬ್ರಷ್‌ನಲ್ಲಿ ಹಚ್ಚಿ, ಉಳಿದದ್ದಕ್ಕೆ ರೋಲರ್.

ಪ್ರೈಮರ್ ಒಣಗಿದ ಮೇಲೆ ಗೋಡೆ ಪೂರ್ತಿ ಒಂದೇ ಬಿಳಿ ಆಗುತ್ತದೆ. ಆಗ ಟಾರ್ಚ್ ಹಿಡಿದರೆ ನಿನ್ನೆ ತಪ್ಪಿಸಿಕೊಂಡ ಗೀರು, ಸೂಜಿಮೊನೆ ತೂತುಗಳು ಕಾಣುತ್ತವೆ. ಕೈ ಸೋತವರು ಇಲ್ಲಿ ನೋಡದೆ ಮುಂದೆ ಹೋಗುತ್ತಾರೆ. ಅರ್ಧ ಗಂಟೆಯ ಕೆಲಸ ಅಷ್ಟೆ. ಅಕ್ರಿಲಿಕ್ ಪುಟ್ಟಿಯ ಒಂದು ಸಣ್ಣ ಡಬ್ಬ ಇದಕ್ಕೆಂದೇ ಇಟ್ಟುಕೊಂಡಿರಿ. ಸವರಿ, ಒಣಗಿದ ಮೇಲೆ 320ರಲ್ಲಿ ಉಜ್ಜಿ, ಆ ಚುಕ್ಕೆಗಳ ಮೇಲೆ ಮತ್ತೆ ಪ್ರೈಮರ್ ಮುಟ್ಟಿಸಿ. ಹಾಗೇ ಬಿಟ್ಟರೆ ಆ ಜಾಗ ಬಣ್ಣವನ್ನು ಜಾಸ್ತಿ ಹೀರಿ ಮಂಕಾಗಿ ಕಾಣುತ್ತದೆ.

ಒಂದು ರಾತ್ರಿ ಬಿಡಿ. ಬೆಳಿಗ್ಗೆ ಬಣ್ಣದ ಡಬ್ಬ ಬಿಚ್ಚಬಹುದು. ಉಳಿದ ಪುಟ್ಟಿ ಚೀಲದ ಬಾಯಿ ಬಿಗಿಯಾಗಿ ಕಟ್ಟಿ, ನೆಲಕ್ಕೆ ತಾಗದ ಹಾಗೆ ಹಲಗೆ ಮೇಲಿಡಿ. ನಮ್ಮ ಮನೆಯಲ್ಲಿ ಉಳಿದದ್ದು ಒಂದೇ ಮಳೆಗಾಲಕ್ಕೆ ಚೀಲದ ಆಕಾರದ ಕಲ್ಲಾಗಿ, ಈಗ ಹಿತ್ತಿಲ ಬಾಗಿಲು ಗಾಳಿಗೆ ಹೊಡೆದುಕೊಳ್ಳದ ಹಾಗೆ ತಡೆದು ನಿಂತಿದೆ.